ಪಾಗುಮೆ ತಿಂಗಳ ಈರುಳ್ಳಿ

ಮಗಳಿಗೆ ವೊಸೆನ್ಯೆಲೆಶ್, ಅಂದರೆ ಎಲ್ಲೆಯೇ ಇಲ್ಲದವಳು, ಎಂದು ಹೆಸರಿಟ್ಟ ಆ ತಂದೆಯನ್ನು ನಾನು ನೋಡಿಲ್ಲ. ಅವರು ಅವಳ ಆಯುಸ್ಸಿಗೋ ದಯೆಗೋ ಎಲ್ಲೆ ಇಲ್ಲದಿರಲಿ ಎಂದು ಹಾರೈಸಿರಬೇಕು. ಅವಳು ಮಾತ್ರ ಆ ಹೆಸರನ್ನು ತನ್ನ ಬಾಯಿಗೆ ಅನ್ವಯಿಸಿಕೊಂಡಳು. ನಮ್ಮೂರು ದೆಸ್ಸಿಯ ಶಾಲೆಯಲ್ಲಿ ನಾನು ಹಲಗೆಯ ಮೇಲೆ ಸಮೀಕರಣ ಬರೆಯುತ್ತಿದ್ದರೆ ಬೆನ್ನ ಹಿಂದೆ ಸಣ್ಣ ತೊರೆ ಹರಿಯುವ ಹಾಗೆ ಅವಳ ದನಿ ಕೇಳುತ್ತಲೇ ಇರುತ್ತಿತ್ತು. ತಿರುಗಿ ನೋಡಿದರೆ, "ಮೇಷ್ಟ್ರೇ, ನಾನು ಲೆಕ್ಕಾನೇ ಮಾತಾಡ್ತಿದ್ದೆ" ಎನ್ನುವಳು. ಉತ್ತರ ಕೇಳಿದರೆ ಸರಿಯಾಗಿಯೇ ಹೇಳುವಳು. ಗದರಿಸಲು ದಾರಿಯಿಲ್ಲದೆ ನಾನು ಸೀಮೆಸುಣ್ಣ ಕೊಡವಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ.

ಓಣಿಯಲ್ಲಿ ಎಲ್ಲರೂ ಅವಳನ್ನು ವೊಸೆನೆ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಓದು ಮುಗಿಸಿದ ಮೇಲೆ ಅವಳು ಪಿಯಾಸಾ ಪೇಟೆಯ ಇಳಿಜಾರಿನಲ್ಲಿ, ಗಾಶೆ, ಅಂದರೆ ಹಿರಿಯಣ್ಣ, ಎಂದು ಎಲ್ಲರೂ ಕರೆಯುವ ಬೆಯೆನೆಯವರ ಮುದ್ರಣಾಲಯ ಸೇರಿದಳು. ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಶಾಲೆಯ ಪ್ರಮಾಣಪತ್ರ, ಎಲ್ಲವೂ ಅವಳ ಗಣಕದ ಮುಂದೆ ಹಾದು ಹೋಗಬೇಕು. ಹೀಗಾಗಿ ಊರಿನ ಸುದ್ದಿಯೂ ಮೊದಲು ಅವಳಲ್ಲಿಗೆ ಬರುವುದು, ಆಮೇಲೆ ಊರಿಗೆ ಹೋಗುವುದು. ಯಾವುದಾದರೂ ಮಾತು ಬೇಗ ಹರಡಬೇಕಾದರೆ ವೊಸೆನೆಗೆ "ಯಾರಿಗೂ ಹೇಳಬೇಡ" ಎಂದರೆ ಸಾಕು ಎಂದು ನಮ್ಮ ಓಣಿಯವರು ನಗುತ್ತಿದ್ದರು. ಅವಳಲ್ಲಿ ಕೆಡುಕು ಎಳ್ಳಷ್ಟೂ ಇರಲಿಲ್ಲ. ಒಳ್ಳೆಯ ಊಟವನ್ನು ಒಬ್ಬಳೇ ಉಣ್ಣಲಾರದವಳು ಹೇಗೋ ಹಾಗೆ, ಒಳ್ಳೆಯ ಸುದ್ದಿಯನ್ನು ಒಬ್ಬಳೇ ಇಟ್ಟುಕೊಳ್ಳಲಾರಳು, ಅಷ್ಟೆ.

ಅವಳ ಮನೆಗೂ ತೊಯ್ಬಾಳ ಮನೆಗೂ ನಡುವೆ ಒಂದೇ ಗೋಡೆ. ಇಬ್ಬರೂ ಒಂದೇ ವಾರಿಗೆಯವರು. ಒಂದು ದಿನ ಈ ಮನೆಯಲ್ಲಿ ಕಾಫಿ, ಮರುದಿನ ಆ ಮನೆಯಲ್ಲಿ. ಒಬ್ಬಳು ಬೀಜ ಹುರಿಯತೊಡಗಿದರೆ ಇನ್ನೊಬ್ಬಳು ಗೋಡೆಯಾಚೆಯಿಂದಲೇ, "ಕರ್ರಗೆ ಮಾಡ್ಬೇಡ ಕಣೇ, ನಿನ್ನ ಮುಖದ ಹಾಗೆ ಆಗತ್ತೆ" ಎನ್ನುವಳು. ನಿವೃತ್ತನಾದ ಮೇಲೂ ನಾನು ಅದೇ ಓಣಿಯಲ್ಲಿ ಉಳಿದುಕೊಂಡೆ. ಅದಕ್ಕೆ ಕಾರಣ ಕೇಳಿದವರಿಗೆ ಏನೇನೋ ಹೇಳಿದ್ದೇನೆ. ಅರ್ಧ ಕಾರಣ ಆ ಗೋಡೆಯ ಮೇಲಿನ ಮಾತುಕತೆ.

ಆ ವರ್ಷ ವೊಸೆನೆ ಒಂದು ಕ್ಯಾಲೆಂಡರ್ ಮಾಡಿದಳು. ಗೋಡೆಗೆ ತೂಗು ಹಾಕುವುದಲ್ಲ, ಇಂಟರ್ನೆಟ್ಟಿನಲ್ಲಿ ತೆರೆದು ನೋಡುವುದು. ಯಾವ ವರ್ಷ ಬೇಕೆಂದರೂ ತೋರಿಸುವುದು, ಉಪವಾಸ ಯಾವತ್ತು, ಹಬ್ಬ ಯಾವತ್ತು, ಎಲ್ಲ ಹೇಳುವುದು. ಒಂದು ಗುಂಡಿ ಒತ್ತಿದರೆ ನಮ್ಮ ತಿಂಗಳು, ಇನ್ನೊಮ್ಮೆ ಒತ್ತಿದರೆ ಫೆರೆಂಜಿಗಳ, ಅಂದರೆ ಬಿಳಿಯರ, ತಿಂಗಳು. ಫೆರೆಂಜಿಗಳ ಕ್ಯಾಲೆಂಡರ್ ಒಂದನ್ನು ಎಲ್ಲಿಂದಲೋ ತಂದು, ಅದರ ಹನ್ನೆರಡು ತಿಂಗಳ ಪಟ್ಟಿಗೆ ನಮ್ಮ ಹದಿಮೂರನೆಯ ತಿಂಗಳಾದ ಪಾಗುಮೆಯನ್ನು ಬಾಲದ ಹಾಗೆ ಅಂಟಿಸಿದ್ದಳು. ನಮ್ಮದು ಬೇಕಾದಾಗ ಬಾಲ ಅಂಟುವುದು, ಅವರದು ಬೇಕಾದಾಗ ಕಳಚುವುದು. ನಮ್ಮ ಹುಡುಗರು ಹುಡುಗಿಯರು ಎಲ್ಲರೂ ಮಾಡುವ ತಪ್ಪು ಇದು. ಪಾಗುಮೆಗೆ ಇರುವುದೇ ಐದು ದಿನ, ನಾಲ್ಕು ವರ್ಷಕ್ಕೊಮ್ಮೆ ಬರುವ ಲೂಕನ ವರ್ಷದಲ್ಲಿ ಆರು. ಸಂಬಳವೂ ಇಲ್ಲದ ಪುಟ್ಟ ತಿಂಗಳು. ಅದನ್ನು ಎಲ್ಲರೂ ಕೊನೆಗೇ ನೆನೆಸಿಕೊಳ್ಳುವುದು.

ಗಾಶೆ ಬೆಯೆನೆಯವರಿಗೆ ಆ ಕ್ಯಾಲೆಂಡರ್ ಬಹಳ ಹಿಡಿಸಿತು. ಆದರೆ ಅಬ್ಬಾ ಹಿರುಯ್ ಒಪ್ಪದೆ ದೆಸ್ಸಿಯಲ್ಲಿ ಯಾವ ಕ್ಯಾಲೆಂಡರೂ ನಡೆಯದು. ನೂರು ವರ್ಷದ ಈಸ್ಟರನ್ನು ಬೆರಳಿನ ಗೆಣ್ಣಿನಲ್ಲಿ ಎಣಿಸಿ ಹೇಳುವ ಪಾದ್ರಿ ಅವರು. ನೆಹಾಸೆ ತಿಂಗಳ ಉಪವಾಸ ಮುಗಿದ ಮೇಲೆ ಒಂದು ಮಳೆಯ ದಿನ ಗಾಶೆ ಬೆಯೆನೆ ಅವರನ್ನು ಮುದ್ರಣಾಲಯಕ್ಕೆ ಕರೆದುಕೊಂಡು ಬಂದರು. ಯಾವುದೋ ಕಾಗದದ ನಕಲು ಮಾಡಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಮದುವೆ ಪತ್ರಿಕೆ ಒಯ್ಯಲು ಬಂದಿದ್ದ ಇಬ್ಬರು ಹೆಂಗಸರೂ ಮಳೆ ನಿಲ್ಲಲಿ ಎಂದು ಬಾಗಿಲಲ್ಲೇ ನಿಂತಿದ್ದರು.

"ಹನ್ನೆರಡು ತಿಂಗಳ ಪೆಟ್ಟಿಗೆ ಇದು," ಎಂದರು ಅಬ್ಬಾ ಹಿರುಯ್, ಛತ್ರಿ ಮಡಿಸುತ್ತ. "ನನ್ನ ತಲೇಲಿ ಹದಿಮೂರಿದೆ. ಇಬ್ಬರಲ್ಲಿ ಯಾರು ದೊಡ್ಡವರು?"

"ನೀವೇ ಅಬ್ಬಾ. ಆದ್ರೆ ಪೆಟ್ಟಿಗೆಗೆ ಹಸಿವಾಗಲ್ಲ, ನಿದ್ದೆ ಬರಲ್ಲ, ಉಪದೇಶನೂ ಮಾಡಲ್ಲ."

"ಕೇಳಿದ್ಯಾ ಬೆಯೆನೆ? ದೀಕ್ಷಾಸ್ನಾನ ಮಾಡಿಸಿದವನಿಗೇ ಇವಳ ಬಾಯಿ. ಆಗಲಿ, ನಾನು ಪಟ್ಟ ಪಡೆದ ವರ್ಷ ತೋರಿಸು."

ವೊಸೆನೆ ತೋರಿಸಿದಳು. ಅಬ್ಬಾ ಬೆರಳು ಮಡಿಸಿ ನೋಡಿ ಹೌದೆಂದರು. ಅವರಪ್ಪನ ಮದುವೆಯ ವರ್ಷ, ಅದೂ ಹೌದು. ಆಮೇಲೆ ಮುದುಕರಿಗೆ ಆಟ ಹತ್ತಿತು. ಇನ್ನೂ ಹಿಂದೆ, ಇನ್ನೂ ಹಿಂದೆ, ಈಗ ಫೆರೆಂಜಿ ತಾರೀಖು, ಈಗ ನಮ್ಮದು, ಎಂದು ಅವರು ಹೇಳುವುದು, ಇವಳು ಗುಂಡಿ ಒತ್ತುವುದು. ವರ್ಷಗಳು ಮಗ್ಗದ ಲಾಳಿಯ ಹಾಗೆ ಅತ್ತಿತ್ತ ಓಡಿದವು.

"ಸರಿ, ಕೊನೇದು. ಈ ವರ್ಷದ ಪಾಗುಮೆ. ಲೂಕನ ವರ್ಷ, ಆರು ದಿನ ಇರ್ಬೇಕು."

ಆರು ದಿನ ಇತ್ತು. ಆದರೆ ಮೇಲೆ ತಿಂಗಳ ಹೆಸರು ಇರಬೇಕಾದ ಜಾಗದಲ್ಲಿ ಬೇರೇನೋ ಬಂದಿತ್ತು. ಅಬ್ಬಾ ಹಿರುಯ್ ಕಣ್ಣಿಗೆ ಬಿದ್ದದ್ದನ್ನೆಲ್ಲ ಇಗರ್ಜಿಯಲ್ಲಿ ಓದುವ ರಾಗದಲ್ಲೇ ಓದುವವರು. ಅದನ್ನೂ ಹಾಗೆಯೇ ಓದಿದರು: "ಈದ್ ದಿನ ಅತ್ತೆ ಮಾಡಿದ ಡೊರೊ ವೊಟ್‌ಗೆ ಈರುಳ್ಳಿ ಸಾಲದು, ಆದರೂ ಹೊಗಳಿ ಉಂಡೆ."

ಗಾಶೆ ಬೆಯೆನೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಬ್ಬಾ, ಇದು ಯಾವ ಸಂತರ ಹಬ್ಬ? ಕೋಳಿ ಸಾರಿನ ಸಂತರಾ?"

"ನನ್ನ ಗೆಣ್ಣಿನಲ್ಲಿ ಈ ತಿಂಗಳು ಇಲ್ಲ," ಎಂದರು ಅಬ್ಬಾ ಗಂಭೀರವಾಗಿ. ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ವೊಸೆನೆ ನಗಲಿಲ್ಲ. ಆ ವಾಕ್ಯ ಯಾರದೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ತೊಯ್ಬಾ ಅದೇ ಗಣಕದ ಮುಂದೆ ಕೂತು ಜಿದ್ದಾದಲ್ಲಿದ್ದ ತನ್ನ ತಂಗಿಗೆ ಓಲೆ ಬರೆದು ಹೋಗಿದ್ದಳು. ಆ ಓಲೆಯ ಕಿಟಕಿ ಕ್ಯಾಲೆಂಡರಿನ ಹಿಂದೆ ಹಾಗೆಯೇ ತೆರೆದಿತ್ತು.

ಸಂಜೆಯ ಹೊತ್ತಿಗೆ ಈರುಳ್ಳಿಯ ಮಾತು ತೊಯ್ಬಾಳ ಅತ್ತೆ, ಊರೆಲ್ಲ ಎತಿಯೆ, ಅಂದರೆ ಅಕ್ಕ, ಎನ್ನುವ ಮದೀನಾರ ಕಿವಿ ಮುಟ್ಟಿತ್ತು. ಈ ಸಲ ಅದನ್ನು ಹರಡಿದವಳು ವೊಸೆನೆ ಅಲ್ಲ. ಆದರೆ ನಂಬುವವರು ಯಾರು?

"ನನ್ನ ಕಾಗದಾನ ಕ್ಯಾಲೆಂಡರ್‌ಗೆ ಹಾಕಿದ್ಯಾ?" ತೊಯ್ಬಾ ಗೋಡೆಯಾಚೆಯಿಂದಲ್ಲ, ಬಾಗಿಲಿಗೇ ಬಂದು ಕೇಳಿದಳು. ನನ್ನ ಮನೆಯ ಮೆಟ್ಟಿಲಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

"ಮರ್ಯಮ್ ತಾಯಾಣೆ, ನಾನು ಮುಟ್ಟಿಲ್ಲ. ಅದೇ ಬಂತು!"

"ಅದೇ ಬಂತಾ? ನಿನ್ನ ಪೆಟ್ಟಿಗೆ ನಮ್ಮತ್ತೆ ಮನೆಗೆ ಬಂದು ಉಂಡು ನೋಡಿತ್ತಾ? ಈರುಳ್ಳಿ ಎಷ್ಟು ಅಂತ ಅದಕ್ಕೆ ಹೇಗೆ ಗೊತ್ತು?"

"ತೊಯ್ಬಾ, ನನ್ನ ತಾಯಿ, ಕೇಳಿಲ್ಲಿ..."

"ನೀನು ಓಣಿಯವರದ್ದೆಲ್ಲ ಹೇಳ್ಕೊಂಡು ತಿರುಗ್ತಿದ್ದೆ, ನಾನು ನಕ್ಕೆ. ನನ್ನದೊಂದು ಬಿಡ್ತೀಯ ಅಂದ್ಕೊಂಡಿದ್ದೆ."

ಮರುದಿನ ಕಾಫಿಯ ಸರದಿ ತೊಯ್ಬಾಳದು. ಬೀಜ ಹುರಿಯುವ ವಾಸನೆ ಬಂತು, ಕರೆ ಬರಲಿಲ್ಲ.

ವೊಸೆನೆ ಎರಡು ದಿನ ಕ್ಯಾಲೆಂಡರಿಗಾಗಿ ತಾನು ಬರೆದ ಪ್ರೋಗ್ರಾಮನ್ನೆಲ್ಲ ಸಾಲು ಸಾಲಾಗಿ ನೋಡಿದಳು. ತಪ್ಪು ತನ್ನದೇ ಇರಬೇಕೆಂದು ಅವಳ ನಂಬಿಕೆ. ಅದು ಸಿಕ್ಕರೆ ತೊಯ್ಬಾಳ ಮುಂದಿಟ್ಟು ಕ್ಷಮೆ ಕೇಳಿ ಮುಗಿಸಬಹುದು. ಅವಳ ಚಿಕ್ಕಮ್ಮನ ಮಗ ಮಿನಾಸೆ ರಾಜಧಾನಿ ಅಡಿಸ್‌ನಲ್ಲಿ ಗಣಕಗಳನ್ನು ಕಳ್ಳರಿಂದ ಕಾಯುವ ಕೆಲಸದಲ್ಲಿದ್ದ. ಅವನೂ ನನ್ನ ಶಿಷ್ಯನೇ. ತಾಯಿಯನ್ನು ನೋಡಲು ಬಂದವನನ್ನು ಹಿಡಿದು ತಂದು ನನ್ನ ಮನೆಯ ಗಣಕದ ಮುಂದೆ ಕೂರಿಸಿದಳು. ಮುದ್ರಣಾಲಯದಲ್ಲಿ ಜನ, ಅವಳ ಮನೆಯಲ್ಲಿ ಗಣಕವಿಲ್ಲ.

ಮಿನಾಸೆ ಮಾತು ಕಡಿಮೆಯ ಹುಡುಗ. ಒಂದು ಕಿಟಕಿಯಲ್ಲಿ "ಮೇಷ್ಟ್ರ ಕೋಟಿನ ಗುಂಡಿ ಬಿದ್ದಿದೆ" ಎಂದು ಬರೆದ, ಇನ್ನೊಂದರಲ್ಲಿ ಕ್ಯಾಲೆಂಡರ್ ತೆರೆದ. ಪಾಗುಮೆ ಸರಿಯಾಗಿಯೇ ಬಂತು. ನಮ್ಮದು, ಅವರದು, ನಮ್ಮದು, ಅವರದು ಎಂದು ವರ್ಷಗಳನ್ನು ಬೇಗ ಬೇಗ ಮಗುಚಿದ. ಸ್ವಲ್ಪ ಹೊತ್ತಾದ ಮೇಲೆ ಪಾಗುಮೆಯ ಜಾಗದಲ್ಲಿ "ಕೋಟಿನ ಗುಂಡಿ ಬಿ" ಎಂದು ಬಂತು. ಮಿನಾಸೆಯ ಮುಖ ಬಿಳಿಚಿತು. ಆಮೇಲೆ ಕಿವಿಯವರೆಗೂ ನಗು ಹರಡಿತು. ಲೆಕ್ಕ ಬಿಡಿಸಿದಾಗ ತರಗತಿಯಲ್ಲಿ ನಗುತ್ತಿದ್ದ ಅದೇ ನಗು.

"ವೊಸೆನೆ, ನೀನೇನು ಹಿಡಿದಿದ್ದೀಯ ಗೊತ್ತಾ?"

"ತಪ್ಪು ಹಿಡಿದಿದ್ದೀನಿ. ನನ್ನದೇ ತಪ್ಪು. ಬೇಗ ಹೇಳು, ತೊಯ್ಬಾಗೆ ಹೋಗಿ ಹೇಳ್ಬೇಕು."

"ತಪ್ಪು ಮಾಡಿದ್ದೀಯ, ಸರಿ. ಆದ್ರೆ ಇದು ನಿನ್ನ ತಪ್ಪಲ್ಲ."

ಮುಂದೆ ಕಾಫಿಯ ತಟ್ಟೆ ಇತ್ತು. ಅದರಲ್ಲಿ ಹನ್ನೆರಡು ಸಿನಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು. ಮಿನಾಸೆ ಅವನ್ನೇ ಸಾಲಾಗಿ ಜೋಡಿಸಿದ.

"ಬ್ರೌಸರ್ ಒಳಗೆ ಒಂದು ಎಂಜಿನ್ ಇದೆ. ನೀನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದನ್ನ ಓದಿ ನಡೆಸೋದು ಅದೇ. ಅದನ್ನ ಕಾಫಿ ಹಾಕೋ ಹೆಂಗಸು ಅಂದ್ಕೋ. ಮೊದಮೊದಲು ಪ್ರತಿ ಸಲ ಎಣಿಸ್ತಾಳೆ: ತಟ್ಟೇಲಿ ಸಿನಿ ಎಷ್ಟಿದೆ, ಕೈ ಚಾಚಿದವನಿಗೆ ಒಂದು ಇದೆಯಾ, ಇಲ್ಲ ಅಂದ್ರೆ 'ಇಲ್ಲಪ್ಪ' ಅಂತಾಳೆ. ದಿನಾ ಅದೇ ಜನ, ಅದೇ ತಟ್ಟೆ. ಬೇಗ ಆಗ್ಲಿ ಅಂತ ಎಣಿಸೋದು ಬಿಡ್ತಾಳೆ. ಬಿಡೋದು ತಪ್ಪಲ್ಲ, ಲೆಕ್ಕ ಸರಿಯಾಗಿದ್ರೆ. ಇಲ್ಲಿ ಅವಳ ಲೆಕ್ಕ ತಪ್ಪಿದೆ. ನೀನು ಹದಿಮೂರನೇ ಸಿನಿ ಇಡ್ತೀಯ, ತೆಗೀತೀಯ, ಇಡ್ತೀಯ, ತೆಗೀತೀಯ. ಅವಳು ಇದೆ ಅಂತಲೇ ತಿಳ್ಕೊಂಡ್ಲು. ಇಲ್ಲದಿರೋವಾಗ ಹದಿಮೂರನೆಯವನು ಕೈ ಚಾಚಿದ. ತಟ್ಟೆ ದಾಟಿ ಹೋಯ್ತು ಕೈ. ಪಕ್ಕದ ಮನೆ ತಟ್ಟೆಯಿಂದ ಸಿನಿ ಎತ್ಕೊಂಡು ಬಂತು."

"ತೊಯ್ಬಾ ಮನೆಯಿಂದ," ಎಂದಳು ವೊಸೆನೆ ಮೆಲ್ಲಗೆ.

"ಹೌದು. ನೀನು ಎಂಥಾ ಅಡ್ಡಾದಿಡ್ಡಿ ಬರೆದ್ರೂ ಅದು 'ಇಲ್ಲಿ ಏನೂ ಇಲ್ಲ' ಅನ್ಬೇಕು, ಅಷ್ಟೇ. ಗೋಡೆ ದಾಟಬಾರ್ದು. ದಾಟತ್ತೆ ಅಂದ್ರೆ, ಕಳ್ಳ ಒಂದು ಪುಟ ಬರೆದಿಟ್ರೆ ಸಾಕು. ಅದನ್ನ ತೆರೆದವರ ಓಲೆ, ಗುಪ್ತಪದ, ಎಲ್ಲದಕ್ಕೂ ಅವನ ಕೈ ಹೋಗತ್ತೆ. ಜಾಣ ಕಳ್ಳನಾದ್ರೆ ತೆಗೆಯೋದಷ್ಟೇ ಅಲ್ಲ, ತನಗೆ ಬೇಕಾದ್ದನ್ನ ಅಲ್ಲಿ ಇಟ್ಟೂ ಬರ್ತಾನೆ. ಲೋಕದಲ್ಲಿ ಅರ್ಧ ಜನ ಇದೇ ಬ್ರೌಸರ್ ಬಳಸೋದು. ನೀನು ಎಡವಿ ಬಿದ್ದು ಬಾಗಿಲು ಕಂಡಿದ್ದೀಯ. ಅವನಿಗೆ ಎಡವೋ ಕಷ್ಟ ಇಲ್ಲ."

ವೊಸೆನೆ ಎದ್ದು ನಿಂತಳು. ಅವಳ ಕಣ್ಣು ಹೊಳೆಯುತ್ತಿತ್ತು. "ಹಾಗಾದ್ರೆ ನಾನಲ್ಲ! ಈಗ್ಲೇ ಹೋಗಿ..."

"ಕೂತ್ಕೋ," ಎಂದ ಮಿನಾಸೆ. "ಯಾರಿಗೂ ಹೇಳೋ ಹಾಗಿಲ್ಲ."

ನಾನು ನಕ್ಕುಬಿಟ್ಟೆ. ಮಿನಾಸೆ ನಗಲಿಲ್ಲ. ಬ್ರೌಸರ್ ಮಾಡಿದವರಿಗೆ ತಿಳಿಸಬೇಕು, ಅವರು ಸರಿಪಡಿಸಿ ಎಲ್ಲರ ಗಣಕಕ್ಕೂ ಹೊಸದನ್ನು ಕಳಿಸಬೇಕು, ಅಲ್ಲಿಯವರೆಗೆ ಒಂದು ಮಾತು ಹೊರಗೆ ಬಿದ್ದರೂ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಪಾಗುಮೆ ಎನ್ನಬಾರದು, ವರ್ಷ ಮಗುಚಿದೆ ಎನ್ನಬಾರದು, ಬ್ರೌಸರ್ ಎಂಬ ಮಾತೇ ಎತ್ತಬಾರದು. ಕ್ಯಾಲೆಂಡರನ್ನೇ ಇಂಟರ್ನೆಟ್ಟಿನಿಂದ ತೆಗೆಯಬೇಕು, ಅದನ್ನು ನೋಡಿದ ಜಾಣ ಕಳ್ಳನಿಗೆ ಅದೇ ನಕ್ಷೆ.

"ತೊಯ್ಬಾಗೆ ಒಬ್ಬಳಿಗೆ?"

"ತೊಯ್ಬಾ ತಂಗಿಗೆ ಬರೀತಾಳೆ. ತಂಗಿ ಜಿದ್ದಾದಲ್ಲಿ ಎಷ್ಟು ಜನಕ್ಕೆ ಹೇಳ್ತಾಳೆ?"

ವೊಸೆನೆ ಆ ಸಿನಿಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಇಟ್ಟಳು. ಆಮೇಲೆ ಇಬ್ಬರೂ ಸೇರಿ ವರದಿ ಬರೆದು ಕಳಿಸಿದರು. ಉತ್ತರ ಬೇಗನೆ ಬಂತು. "ಪ್ರಿಯ ಶ್ರೀ ದೆಮಿಸ್ಸೆ" ಎಂದು ಅದರ ಆರಂಭ. ದೆಮಿಸ್ಸೆ ವೊಸೆನೆಯ ತಂದೆಯ ಹೆಸರು. ನಮ್ಮಲ್ಲಿ ಮನೆತನದ ಹೆಸರೆಂಬುದು ಇಲ್ಲವೆಂದು ಪಾಪ ಅವರಿಗೇನು ಗೊತ್ತು! "ಅಪ್ಪ ಬದುಕಿದ್ದಿದ್ರೆ ಕುಣೀತಿದ್ದ ಮೇಷ್ಟ್ರೇ," ಎಂದಳು ಅವಳು. "ಫೆರೆಂಜಿಗಳು ಅವನಿಗೆ ಬರೆದ ಮೊದಲನೇ ಕಾಗದ." ದೋಷ ನಿಜ, ಬಹಳ ಗಂಭೀರವಾದದ್ದು, ಸರಿಪಡಿಸಿ ತಿಳಿಸುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಮೌನವಾಗಿರಿ, ಎಂದು ಅದರಲ್ಲಿತ್ತು.

ಹೀಗೆ ದೆಸ್ಸಿಯಲ್ಲಿ ಯಾರೂ ಕಂಡು ಕೇಳರಿಯದ ಒಂದು ಕಾಲ ಶುರುವಾಯಿತು. ವೊಸೆನೆ ಸುಮ್ಮನಾದಳು. ಒಂದು ಗುಟ್ಟಿಗೆ ಬಾಯಿ ಮುಚ್ಚಿ ಉಳಿದದ್ದಕ್ಕೆ ತೆರೆಯುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ. ಒಂದು ಮಾತು ಹೊರಟರೆ ಅದರ ಬಾಲ ಹಿಡಿದು ಎಲ್ಲವೂ ಹೊರಡುವ ಭಯ. ಆದ್ದರಿಂದ ಜೇಬಿನ ತುಂಬ ಕೊಲೊ, ನಮ್ಮ ಹುರಿದ ಜವೆಗೋಧಿ, ತುಂಬಿಕೊಂಡಳು. ಮಾತು ಗಂಟಲಿಗೆ ಬಂದಾಗಲೆಲ್ಲ ಒಂದು ಹಿಡಿ ಬಾಯಿಗೆ. ಬೀದಿಯಲ್ಲಿ ಯಾರು ಸಿಕ್ಕಿದರೂ ಕಟುಕುಟು ಅಗಿಯುತ್ತ ತಲೆಯಾಡಿಸುವಳು. ಹಲ್ಲುನೋವು ಎಂದರು ಕೆಲವರು. ಮದುವೆ ಗೊತ್ತಾಗಿದೆ ಎಂದರು ಕೆಲವರು. ಗಾಶೆ ಬೆಯೆನೆ ಮಾತ್ರ ತಲೆ ಚಚ್ಚಿಕೊಂಡರು.

"ಹೊಸ ವರ್ಷ ಬಾಗಿಲಲ್ಲಿದೆ, ಕ್ಯಾಲೆಂಡರ್ ತೆಗೆದುಬಿಟ್ಟೆ. ಯಾಕೆ ಅಂದ್ರೆ ಕುದುರೆ ಹಾಗೆ ಅಗೀತೀಯ! ಒಂದು ಮಾತಾದ್ರೂ ಆಡು ಮಗಳೇ, ಬೈಯೋದಾದ್ರೂ ಬೈ."

"ಸ್ವಲ್ಪ ದಿನ ಗಾಶೆ," ಎಂದಳು ಅವಳು, ಬಾಯಿ ಬರಿದಾದ ಮೇಲೆ.

ಕೊನೆಗೆ ಅವಳು ಅಬ್ಬಾ ಹಿರುಯ್ ಬಳಿ ಹೋದಳು. ಅವರೇ ಅವಳ ಪಾಪನಿವೇದನೆ ಕೇಳುವ ಗುರು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ ಇಗರ್ಜಿಯ ಅಂಗಳದ ಕಲ್ಲಿನ ಮೇಲೆ ಕೂರಿಸಿದಳು.

"ಅಬ್ಬಾ, ಒಂದು ವಿಷಯ ನಿಮಗೂ ಹೇಳದೆ ಇಟ್ಕೊಂಡ್ರೆ ಪಾಪಾನಾ?"

"ಪಾಪ ನಿನ್ನದಾ?"

"ನನ್ನದಲ್ಲ. ಯಾರದ್ದೂ ಅಲ್ಲ ಅನ್ಸತ್ತೆ."

"ಪಾಪ ನಿನ್ನದಲ್ಲ ಅಂದ್ಮೇಲೆ ನನಗ್ಯಾಕೆ ಹೇಳ್ತೀಯ? ನನ್ನ ಕಿವಿಲಿ ಜಾಗ ಇಲ್ಲ, ಈ ಊರಿನವರ ಪಾಪವೇ ಸಾಕಷ್ಟಿದೆ." ಅಬ್ಬಾ ಅವಳ ಉಬ್ಬಿದ ಕೆನ್ನೆಯನ್ನು ನೋಡಿದರು. ಮೇಣದ ಅಚ್ಚಿನೊಳಗೆ ಚಿನ್ನವಿಟ್ಟ ಹಾಗೆ ಒಂದೇ ಮಾತಿನಲ್ಲಿ ಎರಡು ಅರ್ಥ ಅಡಗಿಸಿ ಪದ್ಯ ಕಟ್ಟುವುದರಲ್ಲಿ ಅವರು ಪಳಗಿದವರು. "ನಿನ್ನ ಈ ಮೌನ ಮೇಣವೋ ಚಿನ್ನವೋ?"

"ಮೇಣ ಕರಗೋವರೆಗೆ ಕಾಯಿರಿ ಅಬ್ಬಾ."

ಅಬ್ಬಾ ಹಿರುಯ್ ಶಿಲುಬೆ ಎತ್ತಿ ಅವಳ ಹಣೆಗೆ ಮುಟ್ಟಿಸಿದರು. ಮರುದಿನ ಮುದ್ರಣಾಲಯಕ್ಕೆ ತಾವೇ ಬಂದು, ಹೊಸ ವರ್ಷದ ಹಬ್ಬಗಳನ್ನೆಲ್ಲ ಬೆರಳಿನಲ್ಲಿ ಎಣಿಸಿ ಬರೆಸಿ, ಕಾಗದದ ಕ್ಯಾಲೆಂಡರನ್ನು ಅಚ್ಚಿಗೆ ಕಳಿಸಿದರು. ಗಾಶೆ ಬೆಯೆನೆ ಸಮಾಧಾನಗೊಂಡರು. ಅಲ್ಲಿಗೆ ಕೆಲಸದ ಚಿಂತೆ ಮುಗಿಯಿತು. ಗೋಡೆಯ ಚಿಂತೆ ಉಳಿಯಿತು.

ಹೊಸ ವರ್ಷದ ಬೆಳಿಗ್ಗೆ ಮಳೆ ಹೊಳವಾಗಿ ಬೆಟ್ಟವೆಲ್ಲ ಹಳದಿ ಹೂವಿನಲ್ಲಿ ಮುಳುಗಿತ್ತು. ಹೆಣ್ಣುಮಕ್ಕಳು ಹೂವಿನ ಗೊಂಚಲು ಹಿಡಿದು ಮನೆಮನೆಗೆ ಹಾಡಿಕೊಂಡು ಹೋಗುತ್ತಿದ್ದರು. ಅವರ ಹಿಂದೆಯೇ ಒಂದು ಕತ್ತೆ ತೊಯ್ಬಾಳ ಮನೆಯ ಮುಂದೆ ಬಂದು ನಿಂತಿತು. ಬೆನ್ನ ಮೇಲೆ ಎರಡು ಮೂಟೆ ಈರುಳ್ಳಿ. ಕತ್ತೆ ಹೊಡೆಯುವವನು ಓಣಿಗೆಲ್ಲ ಕೇಳುವಂತೆ ಕೂಗಿದ: "ಎತಿಯೆ ಮದೀನಾ ಸೊಸೆಗೆ ಹಬ್ಬದ ಉಡುಗೊರೆ ಕಳಿಸಿದ್ದಾರೆ! ಸಾಲದಿದ್ರೆ ಇನ್ನೂ ಇದೆಯಂತೆ!"

ಓಣಿಯೇ ನಕ್ಕಿತು. ಹಾಡುತ್ತಿದ್ದ ಮಕ್ಕಳು ಈರುಳ್ಳಿಗೂ ಒಂದು ಸಾಲು ಕಟ್ಟಿದರು. ತೊಯ್ಬಾ ಕೆಂಪಾಗಿ ಹೊರಗೆ ಬಂದವಳು ಎದುರಿಗೆ ವೊಸೆನೆಯನ್ನು ಕಂಡಳು. ಅವಳ ಕೋಪ ಇಳಿದು ಬೇರೇನೋ ಆಗಿತ್ತು. ಅದು ಕೋಪಕ್ಕಿಂತ ಕಷ್ಟವಾದದ್ದು.

"ಹೇಗಾಯ್ತು ಅಂತ ಹೇಳು, ಸಾಕು," ಎಂದಳು. "ಏನೇ ಹೇಳು, ನಂಬ್ತೀನಿ. ಗೋಡೆಯಾಚೆ ಇಷ್ಟು ಸದ್ದಿಲ್ಲದೆ ನನಗೆ ನಿದ್ದೆ ಬರ್ತಿಲ್ಲ."

ವೊಸೆನೆಯ ತುಟಿ ಅಲುಗಿತು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಈಗ ಹೇಳಿಯೇಬಿಡುತ್ತಾಳೆ, ಹೇಳಲಿ, ಎಂದು ನನ್ನ ಮನಸ್ಸೂ ಅಂದಿತು. ಅವಳ ಕೈ ಜೇಬಿಗೆ ಹೋಯಿತು, ಕೊಲೊ ಮುಗಿದಿತ್ತು.

"ಹೇಳೋಕಾಗಲ್ಲ ತೊಯ್ಬಾ."

"ನಿಂಗೆ? ಹೇಳೋಕಾಗಲ್ವಾ?"

"ಈಗಲ್ಲ. ನಾನು ಹಾಕಿಲ್ಲ. ಇಷ್ಟು ನಂಬು."

"ಬಾಯಿ ತೆರೆದ ವೊಸೆನೆನ ನಂಬೋದೇ ಕಷ್ಟ ಇತ್ತು. ಬಾಯಿ ಮುಚ್ಚಿದವಳನ್ನ ಹೇಗೆ ನಂಬ್ಲಿ?" ಎಂದು ತೊಯ್ಬಾ ಒಳಗೆ ಹೋದಳು. ವೊಸೆನೆ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ಎರಡು ಮೂಟೆ ಮೇಷ್ಟ್ರೇ," ಎಂದಳು. "ಇದನ್ನ ಯಾರಿಗೂ ಹೇಳದೆ ಹೇಗಿರೋದು?" ಹಾಗೆಂದು ಅಳುವಿನ ನಡುವೆಯೇ ನಕ್ಕಳು.

ಆ ವರ್ಷ ಮುಸಲ್ಮಾನರ ಅರಫಾ ಹಬ್ಬವೂ ಕ್ರೈಸ್ತರ ಮೆಸ್ಕೆಲ್ ಹಬ್ಬವೂ ಒಂದೇ ವಾರದಲ್ಲಿ ಬಂದವು. ದೆಸ್ಸಿಯಲ್ಲಿ ಯಾರಿಗೆ ಯಾರು ಶುಭ ಹೇಳಬೇಕೆಂಬುದೇ ತಿಳಿಯದ ಹಾಗೆ ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು. ಎರಡರ ನಡುವಿನ ಒಂದು ಮಧ್ಯಾಹ್ನ ಮುದ್ರಣಾಲಯದಲ್ಲಿ ವೊಸೆನೆಯ ಫೋನು ಹೊಡೆದುಕೊಂಡಿತು. ಆ ಕಡೆ ಮಿನಾಸೆ ಹೇಳಿದ್ದು ಇಷ್ಟೇ ಅಂತೆ: "ಹೊಸ ಬ್ರೌಸರ್ ಎಲ್ಲರಿಗೂ ಹೋಗಿದೆ. ಅವರು ದೋಷದ ವಿಷಯ ಪ್ರಕಟಿಸಿದ್ದಾರೆ, ನಿನ್ನ ಹೆಸರೂ ಇದೆ. ಮಾತಾಡು ವೊಸೆನೆ."

ಅವಳು ಗಣಕವನ್ನೂ ಆರಿಸಲಿಲ್ಲ. ಪಿಯಾಸಾದ ಏರಿನಲ್ಲಿ ಶಾಲು ಹಾರಿಸಿಕೊಂಡು ಓಡಿ ಬರುತ್ತಿದ್ದ ಅವಳನ್ನು ಕಂಡು ಎಲ್ಲಿ ಬೆಂಕಿ ಬಿತ್ತೆಂದು ಜನ ತಿರುಗಿ ನೋಡಿದರಂತೆ. ಅವಳು ತೊಯ್ಬಾಳ ಬಾಗಿಲನ್ನು ಎರಡು ಕೈಯಲ್ಲೂ ಬಡಿದಳು.

"ತೆಗಿಯೇ! ಪಾಗುಮೆ! ಹದಿಮೂರನೇ ಸಿನಿ! ಎಂಜಿನ್ ಎಣಿಸ್ಲಿಲ್ಲ! ನಿನ್ನ ಮನೆ ತಟ್ಟೆಗೆ ಕೈ ಹಾಕಿತ್ತು!"

"ಯಾ ಅಲ್ಲಾ," ಎಂದಳು ತೊಯ್ಬಾ ಬಾಗಿಲು ತೆರೆದು. "ಸುಮ್ಮನಿದ್ದು ಸುಮ್ಮನಿದ್ದು ತಲೆ ಕೆಟ್ಟಿದೆ ಇವಳಿಗೆ."

ಅಂದು ಕಾಫಿ ನನ್ನ ಮನೆಯಲ್ಲಾಯಿತು, ಯಾಕೆಂದರೆ ನನ್ನ ಗಣಕದಲ್ಲಿ ಹಳೆಯ ಬ್ರೌಸರೇ ಇತ್ತು. ಹೊಸದು ತಾನಾಗಿ ಬರಲು ಬೇಕಾದ ಇಂಟರ್ನೆಟ್ಟು ಹಬ್ಬದ ಗಲಾಟೆಯಲ್ಲಿ ಎರಡು ದಿನದಿಂದ ಸತ್ತುಬಿದ್ದಿತ್ತು. ಕ್ಯಾಲೆಂಡರಿನ ಒಂದು ಪ್ರತಿಯನ್ನು ವೊಸೆನೆ ತನ್ನ ಬಳಿ ಇಟ್ಟುಕೊಂಡಿದ್ದಳು. ಅಬ್ಬಾ ಹಿರುಯ್ ಬಂದರು, ಗಾಶೆ ಬೆಯೆನೆ ಅಂಗಡಿ ಮುಚ್ಚಿ ಬಂದರು, ಸೊಸೆಯ ಹಿಂದೆಯೇ ಎತಿಯೆ ಮದೀನಾ ಕೂಡ ಕೋಲೂರಿಕೊಂಡು ಬಂದರು. ಈಗ ಇಲ್ಲೊಂದು ಸಾಲು ಬರಿ, ನಿನಗೆ ತೋಚಿದ್ದು ಬರಿ, ಎಂದು ವೊಸೆನೆ ತೊಯ್ಬಾಳನ್ನು ಕೂರಿಸಿ, ತಾನು ಅತ್ತ ತಿರುಗಿ ನಿಂತಳು. ಬರೆದದ್ದಾದ ಮೇಲೆ ಆ ಕಿಟಕಿಯನ್ನು ಹಿಂದೆ ಸರಿಸಿ, ಕ್ಯಾಲೆಂಡರ್ ತೆರೆದು, ಅಬ್ಬಾ ಹಿರುಯ್ ಬೆರಳಿನಿಂದಲೇ ಗುಂಡಿ ಒತ್ತಿಸಿದಳು. ನಮ್ಮದು, ಅವರದು, ನಮ್ಮದು, ಅವರದು. ಪಾಗುಮೆಯ ಜಾಗ ತಟ್ಟನೆ ಬದಲಾಯಿತು. ಅಬ್ಬಾ ರಾಗವಾಗಿ ಓದಿದರು: "ಅತ್ತೆಯ ಅರಫಾ ಡೊರೊ ವೊಟ್‌ಗೆ ಈರುಳ್ಳಿ ಹೆಚ್ಚಾಗಿ ಕಣ್ಣೀರು ಬಂತು."

ಎತಿಯೆ ಮದೀನಾ ನಕ್ಕ ನಗುವಿಗೆ ಕೋಲು ಕೈಜಾರಿ ಬಿತ್ತು. "ಎಷ್ಟು ಹಾಕಿದ್ರೂ ಇವಳ ಬಾಯಿಗೆ ಸರಿ ಹೋಗಲ್ಲ!"

ತೊಯ್ಬಾ ನಗಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. "ಇದು ಎಲ್ಲರ ಗಣಕದಲ್ಲೂ ಹೀಗೇ ಇತ್ತಾ? ನನ್ನ ತಂಗಿ ಗಣಕದಲ್ಲೂ? ಅವಳು ಅಲ್ಲಿ ಒಬ್ಬಳೇ... ಅವಳ ಕಾಗದ, ದುಡ್ಡು ಕಳಿಸೋದು, ಎಲ್ಲ ಅದರಲ್ಲೇ."

"ಅದಕ್ಕೇ ಕಣೇ ಹೇಳ್ಲಿಲ್ಲ."

"ಈರುಳ್ಳಿ ಬಂದ ದಿನವೂ?"

"ಅವತ್ತು ಕೊಲೊನೂ ಮುಗಿದಿತ್ತು."

ತೊಯ್ಬಾ ಎದ್ದು ಅವಳ ಎರಡು ಕೆನ್ನೆಗೂ ಮತ್ತೆ ಮತ್ತೆ ಮುತ್ತಿಟ್ಟಳು. ನಡುನಡುವೆ ಬೆನ್ನಿಗೆ ಗುದ್ದುತ್ತಲೂ ಇದ್ದಳು. ಆಮೇಲೆ ವೊಸೆನೆ ಮಾತಾಡಿದಳು. ಕಾಫಿಯ ಮೊದಲ ಸುತ್ತಿನಲ್ಲಿ ಮಾತಾಡಿದಳು, ಎರಡನೆಯದರಲ್ಲಿ ಮಾತಾಡಿದಳು, ಆಶೀರ್ವಾದದ ಮೂರನೆಯ ಸುತ್ತು ತಣ್ಣಗಾಗುವವರೆಗೂ ಮಾತಾಡಿದಳು. "ಶ್ರೀ ದೆಮಿಸ್ಸೆ" ಎಂಬಲ್ಲಿಗೆ ಬಂದಾಗ ಎದ್ದು ನಿಂತು ತಂದೆಯ ಹಾಗೆ ಮೀಸೆ ತಿರುವಿ ತೋರಿಸಿದಳು. ಬ್ರೌಸರಿನವರು ಪ್ರಕಟಿಸಿದ ಸಾಲಿನಲ್ಲಿ ತನ್ನ ಹೆಸರು ಪೂರ್ತಿಯಾಗಿ ಬಂದದ್ದನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸಿದಳು. ಅಬ್ಬಾ ಅದನ್ನೂ ರಾಗವಾಗಿ ಓದಿ, "ಫೆರೆಂಜಿಗಳ ಹನ್ನೆರಡು ಸಾಲದೆ ಬಿದ್ದ ತೂತನ್ನ ನಮ್ಮ ಹದಿಮೂರು ತೋರಿಸ್ತು," ಎಂದು ಗಾಶೆ ಬೆಯೆನೆಯವರ ತೊಡೆ ತಟ್ಟಿದರು. ಓಣಿಗೆ ಅವಳ ದನಿ ಮರಳಿತು. ಆ ಸಂಜೆ ನನಗೂ ಹಸಿವು ಚೆನ್ನಾಗಿ ಆಯಿತು.

ಆದರೆ ಒಂದು ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಷ್ಟು ದಿನ ವೊಸೆನೆಗೆ ಯಾರೂ ನಿಜವಾದ ಗುಟ್ಟು ಹೇಳುತ್ತಿರಲಿಲ್ಲ. ಹರಡಬೇಕಾದ್ದನ್ನು ಮಾತ್ರ ಹೇಳುತ್ತಿದ್ದರು. ಈಗ, ಗೆಳತಿ ಮುನಿದರೂ, ಊರು ನಕ್ಕರೂ, ಎರಡು ಮೂಟೆ ಈರುಳ್ಳಿ ಬಂದರೂ ಬಾಯಿ ಬಿಡದ ಹೆಂಗಸು ದೆಸ್ಸಿಯಲ್ಲಿ ಒಬ್ಬಳಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಗಿತ್ತು. ಗೊತ್ತು ಮಾಡಿಸಿದವಳೂ ಅವಳೇ.

ಮರುದಿನ ನಾನು ಮುದ್ರಣಾಲಯಕ್ಕೆ ಹೋದಾಗ ಅವಳ ಮೇಜಿನ ಮುಂದೆ ಎತಿಯೆ ಮದೀನಾ ಕೂತಿದ್ದರು. ಬಾಗಿಲಲ್ಲಿ ಇನ್ನಿಬ್ಬರು ಹೆಂಗಸರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರ ಕೈಯಲ್ಲಿ ಅಚ್ಚು ಹಾಕಿಸುವ ಕಾಗದ ಒಂದೂ ಇರಲಿಲ್ಲ.

"ಮಗಳೇ, ನಿನ್ನ ಹತ್ರ ಒಂದು ಮಾತಿದೆ," ಎನ್ನುತ್ತಿದ್ದರು ಎತಿಯೆ ಮದೀನಾ, ದನಿ ತಗ್ಗಿಸಿ. "ಯಾರಿಗೂ ಹೇಳಬಾರ್ದು."

ವೊಸೆನೆ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡಳು. "ಬೇಡಿ ಎತಿಯೆ, ನಿಮ್ಮ ಕಾಲಿಗೆ ಬೀಳ್ತೀನಿ! ಗುಟ್ಟು ಇಡೋಕೆ ನನ್ನ ಹೊಟ್ಟೇಲಿ ಇದ್ದದ್ದೇ ಒಂದು ಜಾಗ. ಅದು ನಿನ್ನೆ ತಾನೇ ಖಾಲಿ ಆಗಿದೆ!"

"ಖಾಲಿ ಆಗಿದೆಯಲ್ಲ, ಅದಕ್ಕೇ ಬೇಗ ಬಂದೆ," ಎಂದು ಎತಿಯೆ ಮದೀನಾ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.